ಸಿಂಗಲ್ ಡಿಸ್ಕ್ ಮಷೀನ್ ಕೈತಪ್ಪಿ ಕಾಲಿಗೆ ಬಡಿಯಿತು. ಹೊಸಬರಿಗೆ ನೀವು ಹೇಗೆ ಕಲಿಸುತ್ತೀರಿ?

ನೆಲದಕ್ಕ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾಲೇಜಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಮೊದಲ 6 ವರ್ಷ ನಾನೇ ಮಾಪ್ ಹಿಡಿದು ನೆಲ ಒರೆಸಿದವಳು. ಈಗ ತಂಡದಲ್ಲಿ 14 ಜನ ಇದ್ದಾರೆ.

ಕಳೆದ ಶನಿವಾರ ಒಂದು ಅವಘಡ ಆಯಿತು. ನೆಲ ಉಜ್ಜುವ ಸಿಂಗಲ್ ಡಿಸ್ಕ್ ಮಷೀನ್ ಇದೆಯಲ್ಲ, 17 ಇಂಚಿನದು, ಅದನ್ನು ಸೇರಿ ಮೂರೇ ವಾರ ಆಗಿದ್ದ ಹುಡುಗಿಯ ಕೈಗೆ ಕೊಟ್ಟೆ. ಹತ್ತು ಗಂಟೆಗೆ ಸಭಾಂಗಣದಲ್ಲಿ ಕಾರ್ಯಕ್ರಮ. ಕಾರಿಡಾರ್ ಬೇಗ ಮುಗಿಯಬೇಕಿತ್ತು. "ಲಿವರ್ ಒತ್ತು, ತಾನೇ ತಿರುಗುತ್ತೆ" ಅಂತ ಹೇಳಿ ಕುರ್ಚಿ ಹಾಕಿಸಲು ಹೋದೆ. ಅವಳು ಒತ್ತಿದಳು. ಮಷೀನ್ ಗಿರ್ರನೆ ಪಕ್ಕಕ್ಕೆ ಎಳೆದುಕೊಂಡು ಹೋಗಿ ಗೋಡೆಗೆ ಬಡಿಯಿತು, ವಾಪಸ್ ಬಂದು ಅವಳ ಮೊಣಕಾಲಿನ ಕೆಳಗೆ ಹೊಡೆಯಿತು. ಕೇಬಲ್ ಬ್ರಷ್‌ಗೆ ಸುತ್ತಿಕೊಂಡು ಪ್ಲಗ್ ಕಿತ್ತುಬಂತು. ಅದಕ್ಕೇ ನಿಂತಿದ್ದು. ಎಕ್ಸ್‌ರೇ ಮಾಡಿಸಿದೆವು, ಮೂಳೆ ಮುರಿದಿಲ್ಲ. ಆದರೆ ಕಾಲು ಊದಿಕೊಂಡು ನೀಲಿಗಟ್ಟಿದೆ. "ಅಕ್ಕಾ, ನನಗೆ ಮಾಪೇ ಸಾಕು, ಆ ಮಷೀನ್ ಮಾತ್ರ ಬೇಡ" ಅನ್ನುತ್ತಿದ್ದಾಳೆ.

ಅವತ್ತು ಸಂಜೆ ಮಷೀನನ್ನು ಮಲಗಿಸಿ ಸರಿಯಾಗಿ ನೋಡಿದೆ. ಬ್ರಷ್ ತೆಗೆಯದೆ ಅದರ ಮೇಲೇ ನಿಲ್ಲಿಸಿಟ್ಟಿದ್ದರಿಂದ ಎಳೆಗಳೆಲ್ಲ ಒಂದು ಕಡೆಗೆ ಮಲಗಿಬಿಟ್ಟಿವೆ. ನಡುವಿನ ಹಲ್ಲುಚಕ್ರಕ್ಕೆ ಕೂದಲು, ದಾರ, ಬ್ಯಾನರ್ ಕಟ್ಟಿದ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಿದೆ. ಕೇಬಲ್‌ಗೆ ಎರಡು ಕಡೆ ಟೇಪ್. ಪ್ಲಗ್‌ನ ಒಂದು ಪಿನ್ ಸುತ್ತ ಕಂದು ಬಣ್ಣದ ಸುಟ್ಟ ಕಲೆ. ದಿನವೂ ಕಣ್ಣೆದುರಿಗೇ ಇತ್ತು. ನಾನು ನೋಡಿರಲಿಲ್ಲ.

ಎರಡು ಪ್ರಶ್ನೆ. ಹೊಸಬರಿಗೆ ಈ ಮಷೀನ್ ಹೇಗೆ ಕಲಿಸುತ್ತೀರಿ? ನಿಮ್ಮಲ್ಲಿ ಇದರ ದೇಖರೇಖಿ ಯಾರು ಮಾಡುತ್ತಾರೆ, ಯಾವ ಹೊತ್ತಿನಲ್ಲಿ ಮಾಡುತ್ತಾರೆ?

ಕಡಲಾಚೆಯ ಕುಂದಾಪುರ (ದುಬೈ)

ಅಕ್ಕಾ, ಹುಡುಗಿ ಬೇಗ ಹುಷಾರಾಗಲಿ. ನಾನು ಇಲ್ಲಿ ಒಂದು ಮಾಲ್‌ನಲ್ಲಿ ರಾತ್ರಿ ಪಾಳಿಯ ಕ್ಲೀನಿಂಗ್ ಟೀಮ್ ಲೀಡರ್. ಹೊಸಬರಿಗೆ ಕಲಿಸುವುದೇ ನನ್ನ ಅರ್ಧ ಕೆಲಸ.

ನನ್ನ ಮೊದಲ ಪಾಠ ಮಷೀನ್ ಓಡಿಸುವುದಲ್ಲ, ಬಿಡುವುದು. ಹಿಡಿಯ ಲಿವರ್ ಬಿಟ್ಟರೆ ಮಷೀನ್ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತು, ಆದರೆ ಹೆದರಿಕೆ ಆದಾಗ ಕೈ ಏನು ಮಾಡುತ್ತದೆ ಹೇಳಿ? ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಲಿವರ್ ಒತ್ತಿಕೊಂಡೇ ಇರುತ್ತದೆ, ಮಷೀನ್ ಸುತ್ತುತ್ತಲೇ ಇರುತ್ತದೆ. ನಿಮ್ಮ ಹುಡುಗಿಗೂ ಅದೇ ಆಗಿರಬೇಕು. ಅದಕ್ಕೆ ನಾನು "ಬಿಡು" ಅಂದ ಕೂಡಲೇ ಎರಡೂ ಕೈ ಬಿಡಬೇಕು. ಹತ್ತು ಸಲ, ಇಪ್ಪತ್ತು ಸಲ. ಕೈ ತಾನಾಗಿ ಬಿಡುವವರೆಗೂ ನೆಲ ಉಜ್ಜುವ ಮಾತೇ ಇಲ್ಲ.

ಎರಡನೆಯದು ಎತ್ತರ. ಹಿಡಿಯನ್ನು ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ತೋಳು ಸಡಿಲವಾಗಿ ಇಳಿಬಿಟ್ಟರೆ ಸಿಗುವ ಕಡೆ ಲಾಕ್ ಮಾಡಿ. ಆಮೇಲೆ ಹಿಡಿಯನ್ನು ಒಂದಿಷ್ಟೇ ಎತ್ತಿದರೆ ಮಷೀನ್ ಬಲಕ್ಕೆ ಹೋಗುತ್ತದೆ, ಒಂದಿಷ್ಟೇ ತಗ್ಗಿಸಿದರೆ ಎಡಕ್ಕೆ. ತೋಳಿನ ಬಲದಿಂದ ತಳ್ಳಲು ಹೋದವರು ಸೋಲುತ್ತಾರೆ. ಎತ್ತಿನ ಮೂಗುದಾರ ಹಿಡಿದ ಹಾಗೆ, ಸೂಚನೆ ಕೊಟ್ಟರೆ ಸಾಕು.

ಕಲಿಯುವಾಗ ನೆಲ ಒದ್ದೆ ಇರಲಿ. ಒಣ ನೆಲದಲ್ಲಿ ಬ್ರಷ್ ನೆಲವನ್ನು ಕಚ್ಚಿಕೊಂಡು ಜಾಸ್ತಿ ಎಳೆಯುತ್ತದೆ. ಖಾಲಿ ಜಾಗ ಇರಲಿ. ಕೇಬಲ್ ಯಾವಾಗಲೂ ಹೆಗಲ ಮೇಲೆ, ಬೆನ್ನ ಹಿಂದೆ. ಪ್ಲಗ್ ಇರುವ ಕಡೆಯಿಂದ ಶುರು ಮಾಡಿ ದೂರ ಹೋಗುತ್ತಾ ಇರಬೇಕು, ಅದರ ಕಡೆಗೆ ಬರಬಾರದು.

ಇನ್ನೊಂದು ಮಾತು. ಕೆಲವು ಕಡೆ ಕೈ ನೋಯುತ್ತದೆ ಅಂತ ಲಿವರ್‌ಗೆ ಬಟ್ಟೆ ಕಟ್ಟಿ ಒತ್ತಿದ ಹಾಗೇ ಇಡುತ್ತಾರೆ. ನಿಮ್ಮಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಇವತ್ತೇ ಬಿಚ್ಚಿಸಿ.

ಬಕೆಟ್ಟು ಮಾಪು (ಬೆಂಗಳೂರು)

ನಾನು ಹೌಸ್‌ಕೀಪಿಂಗ್ ಕೆಲಸ ಮಾಡುವವಳೇ. ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆ ಓದಿ ಖುಷಿ ಆಯಿತು. "ಯಾವ ಹೊತ್ತಿನಲ್ಲಿ" ಅಂತ ಯಾರೂ ಕೇಳುವುದಿಲ್ಲ. ನಮ್ಮದು ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರ ಪಾಳಿ. 1:55ರವರೆಗೂ ನೆಲದ ಕೆಲಸ ಇರುತ್ತದೆ. 2ಕ್ಕೆ ಥಂಬ್ ಒತ್ತಬೇಕು. 2:10ರ ಬಸ್ ತಪ್ಪಿದರೆ ಮುಂದಿನದು ಮುಕ್ಕಾಲು ಗಂಟೆಗೆ. ಹೀಗಿರುವಾಗ ಮಷೀನ್ ತೊಳೆಯುವವರು ಯಾರು, ಬ್ರಷ್ ಬಿಚ್ಚುವವರು ಯಾರು? ಥಂಬ್ ಒತ್ತಿದ ಮೇಲೆ ತೊಳೆದರೆ ಅದು ನಮ್ಮ ಮನೆಯ ಸಮಯ, ಅಲ್ವಾ? ತೊಳೆಯದೆ ಹೋದರೆ ಮರುದಿನ "ನಿಮಗೆ ಜವಾಬ್ದಾರಿ ಇಲ್ಲ" ಅನ್ನುತ್ತಾರೆ.

ಇನ್ನು ಬಟ್ಟೆ. ದುಪಟ್ಟಾ, ಸೆರಗು ಎರಡೂ ಮಷೀನ್‌ಗೆ ಆಗದು. ನಾನು ಸೆರಗನ್ನು ಸೊಂಟಕ್ಕೆ ಸುತ್ತಿ, ಮೇಲೆ ಏಪ್ರನ್ ಕಟ್ಟುತ್ತೇನೆ. ಚಪ್ಪಲಿ ಬೇಡವೇ ಬೇಡ. ನಮಗೆ ಶೂ ಕೊಟ್ಟರು, ಎಲ್ಲರಿಗೂ 8ನೇ ನಂಬರ್. ನನ್ನ ಕಾಲು 5. ಒದ್ದೆ ನೆಲದಲ್ಲಿ ದೊಡ್ಡ ಶೂ ಹಾಕಿಕೊಂಡು ನಡೆಯುವುದು ಬರಿಗಾಲಿಗಿಂತ ಕಷ್ಟ. ಅಳತೆ ಕೇಳಿ ಕೊಡಿಸಿ ಅಂತ ನಿಮ್ಮಂಥವರು ಹೇಳಿದರೆ ಕೇಳುತ್ತಾರೆ.

ವೈರಿಂಗ್ ಮನೆ (ಹುಬ್ಬಳ್ಳಿ)

ನಾನು ಎಲೆಕ್ಟ್ರಿಷಿಯನ್. ಆ ಕಂದು ಕಲೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಿಮ್ಮ ಪೋಸ್ಟ್‌ನಲ್ಲಿ ನನಗೆ ಕಾಲಿನ ಪೆಟ್ಟಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಅದು.

ಈ ಮಷೀನ್‌ಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಎಚ್‌ಪಿ ಮೋಟಾರ್ ಇರುತ್ತದೆ. 230 ವೋಲ್ಟ್‌ನಲ್ಲಿ ಓಡುವಾಗ 6ರಿಂದ 7 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಇದನ್ನು ಮೊಬೈಲ್ ಚಾರ್ಜ್ ಮಾಡುವ ಸಣ್ಣ 6 ಆಂಪಿಯರ್ ಸಾಕೆಟ್‌ಗೆ ಹಾಕಿದರೆ ಒಳಗಿನ ಹಿತ್ತಾಳೆ ಬಿಸಿಯಾಗುತ್ತದೆ, ಹಿಡಿತ ಸಡಿಲ ಆಗುತ್ತದೆ. ಸಡಿಲ ಆದಷ್ಟೂ ಇನ್ನೂ ಬಿಸಿ. ಕಂದು ಕಲೆ ಬರುವುದು ಹೀಗೆ. ಆಮೇಲೆ ಮೀನು ಸುಟ್ಟ ಹಾಗೆ ಒಂದು ವಾಸನೆ ಬರುತ್ತದೆ. ಆ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ದೊಡ್ಡ 16 ಆಂಪಿಯರ್ ಸಾಕೆಟ್ ಮಾತ್ರ ಬಳಸಿ. ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ಹಾಳು ಮಾಡುತ್ತದೆ.

ಟೇಪ್ ಸುತ್ತಿದ ಕೇಬಲ್ ಒದ್ದೆ ನೆಲದಲ್ಲಿ ಎಳೆಯುವ ವಸ್ತುವಲ್ಲ. ಟೇಪ್ ಒಳಗೆ ನೀರು ಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಪೂರ್ತಿ ಕೇಬಲ್ ಹೊಸದು ಹಾಕಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ. ಅರ್ಧ ಸುತ್ತಿದ ಹಾಗೇ ಇಟ್ಟು ಗಂಟೆಗಟ್ಟಲೆ ಓಡಿಸಿದರೆ ಸುರುಳಿಯ ಒಳಗೆ ಶಾಖ ಕಟ್ಟಿಕೊಂಡು ರಬ್ಬರ್ ಕರಗುತ್ತದೆ. ನಾನೇ ಬಿಚ್ಚಿ ನೋಡಿದ್ದೇನೆ, ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು.

ಮುಖ್ಯವಾದದ್ದು ಆರ್‌ಸಿಸಿಬಿ. ಎಂಸಿಬಿ, ಅಂದರೆ ಲೋಡ್ ಜಾಸ್ತಿ ಆದಾಗ ಬೀಳುವ ಸ್ವಿಚ್, ಇದ್ದರೆ ಸಾಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಮನುಷ್ಯರ ಮೈಮೂಲಕ ಕರೆಂಟ್ ಸೋರಿದಾಗ ಕಟ್ ಮಾಡುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಅದರ ಮೇಲೆ ಟೆಸ್ಟ್ ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಕೊನೆಯದಾಗಿ ಒಂದು ಪ್ರಶ್ನೆ. ನಿಮ್ಮ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಇದೆಯಾ?

ನೆಲದಕ್ಕ

ಈಗ ಹೋಗಿ ನೋಡಿ ಬಂದೆ. ಇಲ್ಲ. ಯಾರೋ ಕತ್ತರಿಸಿದ್ದಾರೆ, ಹಳೆಯ ಎರಡು ರಂಧ್ರದ ಎಕ್ಸ್‌ಟೆನ್ಶನ್‌ಗೆ ಹೊಂದಲಿ ಅಂತ ಇರಬೇಕು.

ಒಂದು ವಿಷಯ ಹೇಳಿಕೊಳ್ಳಲೇಬೇಕು. ಎರಡು ತಿಂಗಳ ಹಿಂದೆ ನಮ್ಮಲ್ಲೊಬ್ಬರು "ಹಿಡಿ ಮುಟ್ಟಿದರೆ ಜುಮ್ ಅನ್ನುತ್ತೆ" ಅಂದಿದ್ದರು. "ಶೂ ಹಾಕಿಕೊಂಡು ಹಿಡಿ" ಅಂತ ಹೇಳಿ ನಾನು ಮುಂದೆ ಹೋಗಿದ್ದೆ. ನಿನ್ನೆಯಿಂದ ಅದೇ ಮಾತು ಕಿವಿಯಲ್ಲಿದೆ. ಮಷೀನನ್ನು ಸ್ಟೋರ್‌ಗೆ ಹಾಕಿ ಬೀಗ ಹಾಕಿದ್ದೇನೆ. ಪ್ಲಗ್‌ಗೆ ಕೆಂಪು ಬಟ್ಟೆ ಕಟ್ಟಿದ್ದೇನೆ.

ವೈರಿಂಗ್ ಮನೆ

ಒಳ್ಳೆಯದು ಮಾಡಿದಿರಿ. ಆ ದಪ್ಪ ಪಿನ್ ಅರ್ಥಿಂಗ್. ಅದಿಲ್ಲದಿದ್ದರೆ ಒಳಗೆ ಸೋರಿದ ಕರೆಂಟ್ ಹಿಡಿಯಲ್ಲೇ ನಿಂತು, ಹಿಡಿದವರ ಮೈಯಿಂದ ನೆಲಕ್ಕೆ ದಾರಿ ಹುಡುಕುತ್ತದೆ. "ಜುಮ್" ಅನ್ನುವುದು ಸಣ್ಣ ದೂರು ಅಲ್ಲ. ಆ ಮಾತು ಬಂದ ನಿಮಿಷದಲ್ಲೇ ಪ್ಲಗ್ ತೆಗೆಯಬೇಕು.

ಪೀಣ್ಯದ ಮೆಕ್ಯಾನಿಕ್ (ಬೆಂಗಳೂರು)

ನಾನು ಕ್ಲೀನಿಂಗ್ ಮಷೀನ್ ರಿಪೇರಿ ಮಾಡುವವನು. ನನ್ನ ಟೇಬಲ್‌ಗೆ ಏನು ಬರುತ್ತದೆ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಜಾಸ್ತಿ ಬರುವುದು ಸಿಂಗಲ್ ಡಿಸ್ಕ್ ಅಲ್ಲ, ನೀರು ಎಳೆಯುವ ವ್ಯಾಕ್ಯೂಮ್. ಸುಟ್ಟ ಮೋಟಾರ್. ಕಾರಣ ಬಹುತೇಕ ಒಂದೇ, ನೊರೆ. ಟ್ಯಾಂಕ್ ತುಂಬಿದಾಗ ಒಳಗಿನ ತೇಲುವ ಚೆಂಡು ಮೇಲೆದ್ದು ಗಾಳಿಯ ದಾರಿ ಮುಚ್ಚುತ್ತದೆ, ನೀರು ಮೋಟಾರ್‌ಗೆ ಹೋಗುವುದಿಲ್ಲ. ಆದರೆ ಚೆಂಡು ನೀರಿನ ಮೇಲೆ ತೇಲುತ್ತದೆ, ನೊರೆಯ ಮೇಲೆ ತೇಲುವುದಿಲ್ಲ. ಸೋಪು ಜಾಸ್ತಿ ಹಾಕಿದರೆ ಚೆಂಡು ಕೆಳಗೇ ಇರುತ್ತದೆ, ನೊರೆ ಸೀದಾ ಮೋಟಾರ್‌ಗೆ. ಅದಕ್ಕೆ ಅಳತೆಯ ಮುಚ್ಚಳದಲ್ಲಿ ಲೆಕ್ಕ ಹಾಕಿ ಸೋಪು ಹಾಕಿ. ಒಂದು ಹಿಡಿ ಜಾಸ್ತಿ ಹಾಕಿದರೆ ನೆಲ ಜಾಸ್ತಿ ಹೊಳೆಯುವುದಿಲ್ಲ, ಅಂಟು ಉಳಿಯುತ್ತದೆ ಅಷ್ಟೇ. ಓಡುತ್ತಿರುವಾಗ ಶಬ್ದ ತಟ್ಟನೆ ಸಣ್ಣಗಾಗಿ ಕೀರಲು ಆದರೆ ಟ್ಯಾಂಕ್ ತುಂಬಿದೆ ಅಂತ ಅರ್ಥ. ಆಫ್ ಮಾಡಿ, ಪ್ಲಗ್ ತೆಗೆದು, ಆಮೇಲೆ ಖಾಲಿ ಮಾಡಿ.

ಒಣ ಕಸ ಎಳೆಯುವಾಗ ಬಟ್ಟೆ ಫಿಲ್ಟರ್ ಬೇಕೇ ಬೇಕು. ನೀರು ಎಳೆಯುವಾಗ ಅದನ್ನು ತೆಗೆದು ಬೇರೆ ಇಡಬೇಕು. ಈ ಅದಲುಬದಲು ಮರೆತುಹೋಗಿ ಎಷ್ಟು ಮೋಟಾರ್ ಸತ್ತಿವೆಯೋ. ಕೆಲಸ ಮುಗಿದ ಮೇಲೆ ಟ್ಯಾಂಕ್ ತೊಳೆದು ಮುಚ್ಚಳ ತೆರೆದೇ ಇಡಿ. ಮುಚ್ಚಿಟ್ಟರೆ ಮರುದಿನ ಬರುವ ವಾಸನೆ ಇಡೀ ಕಾರಿಡಾರ್‌ಗೆ ಹೋಗುತ್ತದೆ.

ಬ್ಯಾಟರಿಯಲ್ಲಿ ಓಡುವ ಆಟೋ ಸ್ಕ್ರಬರ್ (ನೆಲ ಉಜ್ಜಿ, ಕೊಳೆ ನೀರನ್ನು ತಾನೇ ಎಳೆದುಕೊಳ್ಳುವ ಮಷೀನ್) ಇದ್ದವರು ಇದನ್ನು ಗಮನಿಸಿ. ನೀರು ತುಂಬುವ ಮಾದರಿಯ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಆದರೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಬಾಗಿಲು ಹಾಕಿ, ಪಕ್ಕದಲ್ಲೇ ದೇವರ ದೀಪ ಹಚ್ಚಿ ಚಾರ್ಜ್‌ಗೆ ಇಟ್ಟದ್ದನ್ನು ನೋಡಿದ್ದೇನೆ. ಗಾಳಿ ಆಡುವ ಜಾಗ ಬೇಕು. ಮಷೀನ್‌ನಲ್ಲಿ ಬ್ಯಾಟರಿ ಇರುವ ಗೂಡಿನ ಮುಚ್ಚಳ ಎತ್ತಿಡಬೇಕು. ಚಾರ್ಜರ್ ಆಫ್ ಮಾಡಿದ ಮೇಲೇ ಕ್ಲಿಪ್ ಕೀಳಬೇಕು.

ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಬ್ಬಿ ಆಸಿಡ್ ಹೊರಗೆ ಚೆಲ್ಲುತ್ತದೆ. ಪ್ಲೇಟ್‌ಗಳೇ ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಿ. ನಲ್ಲಿ ನೀರು, ಬೋರ್ ನೀರು ಎಂದಿಗೂ ಬೇಡ.

ಹೆಂಗಸರಿಗೆ ಒಂದು ಮಾತು ವಿಶೇಷವಾಗಿ. ಬ್ಯಾಟರಿ ಮೇಲೆ ಬಗ್ಗುವಾಗ ತಾಳಿ ಸರ ಜೋತುಬಿದ್ದು ಎರಡು ಟರ್ಮಿನಲ್ ನಡುವೆ ತಾಗಿದರೆ ಆ ಸರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಸರವನ್ನು ರವಿಕೆಯ ಒಳಗೆ ಹಾಕಿ ಪಿನ್ ಮಾಡಿಕೊಳ್ಳಿ. ಲೋಹದ ಬಳೆ, ಉಂಗುರ, ವಾಚು ತೆಗೆದಿಡಿ. ಗಂಡಸರ ಕೈ ಕಡಗಕ್ಕೂ ಇದೇ ಮಾತು.

ಫ್ಲಾಟ್ ಕಮಿಟಿ (ವೈಟ್‌ಫೀಲ್ಡ್)

ಎಲ್ಲ ಓದಿದೆ. ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಮಿಟಿಯಲ್ಲಿದ್ದೇನೆ. ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಷೀನ್ ನಾವೇ ಕೊಂಡಿದ್ದೇವೆ. ವರ್ಷದ ಸರ್ವಿಸ್ ಒಪ್ಪಂದಕ್ಕೂ ದುಡ್ಡು ಕೊಡುತ್ತೇವೆ. ಕೆಲಸದವರನ್ನು ಏಜೆನ್ಸಿ ಕಳಿಸುತ್ತದೆ. ಮೂರು ತಿಂಗಳಿಗೊಮ್ಮೆ ಜನ ಬದಲಾಗುತ್ತಾರೆ. ಒಬ್ಬರಿಗೆ ಕಲಿಸಿದರೆ ಅಷ್ಟರಲ್ಲಿ ಅವರು ಹೋಗಿರುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಮಷೀನ್ ಒರೆಸಲು ಅಂತ ಬಿಟ್ಟರೆ, 10 ಜನರಿಗೆ ದಿನಕ್ಕೆ 200 ನಿಮಿಷ ಆಯಿತು. ಮೀಟಿಂಗ್‌ನಲ್ಲಿ ಇದನ್ನು ಒಪ್ಪಿಸುವುದು ಸುಲಭ ಅಲ್ಲ. ಸರ್ವಿಸ್‌ನವರು ಬರುತ್ತಾರಲ್ಲ, ಅವರು ನೋಡಿಕೊಳ್ಳಲಿ ಅನ್ನುತ್ತಾರೆ.

ಬಕೆಟ್ಟು ಮಾಪು

ಸರ್, ಸರ್ವಿಸ್‌ನವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಕೂದಲು ದಿನಾ ಸುತ್ತಿಕೊಳ್ಳುತ್ತದೆ.

10 ಜನರೂ ಮಷೀನ್ ಹಿಡಿಯುವುದಿಲ್ಲವಲ್ಲ. ಇಬ್ಬರೋ ಮೂವರೋ. ಉಳಿದವರಿಗೆ ಬಕೆಟ್ ತೊಳೆದು ಬೋರಲು ಹಾಕಲು, ಮಾಪ್ ಹಿಂಡಿ ತಲೆಮೇಲಾಗಿ ನೇತುಹಾಕಲು ಐದು ನಿಮಿಷ ಸಾಕು. ಜನ ಯಾಕೆ ಬಿಟ್ಟುಹೋಗುತ್ತಾರೆ ಅಂತಲೂ ಒಂದು ಸಲ ಕೇಳಿ ನೋಡಿ. ನಾನು ಹಿಂದಿನ ಜಾಗ ಬಿಟ್ಟಿದ್ದು ಸಂಬಳಕ್ಕಲ್ಲ. ಹಿಂಡುವ ಟ್ರಾಲಿಯ ಹಿಡಿ ಮುರಿದು ಎಂಟು ತಿಂಗಳಾದರೂ ಸರಿ ಮಾಡಿಸಲಿಲ್ಲ. ಕೈಯಲ್ಲೇ ಹಿಂಡಿ ಹಿಂಡಿ ಬೆರಳಿನ ಸಂದುಗಳು ಸೀಳಿಹೋದವು. ಫಿನೈಲ್ ತಾಗಿದರೆ ಉರಿ, ರಾತ್ರಿ ಚಪಾತಿ ಹಿಟ್ಟು ಕಲಸಿದರೆ ಉಪ್ಪು ತಾಗಿ ಉರಿ.

ಪೀಣ್ಯದ ಮೆಕ್ಯಾನಿಕ್

ಕಮಿಟಿಯವರಿಗೆ ನನ್ನ ಕಡೆಯಿಂದ ಒಂದು ಮಾತು. ಸರ್ವಿಸ್ ಒಪ್ಪಂದದಲ್ಲಿ ಸುಟ್ಟ ಮೋಟಾರ್, ಸವೆದ ಬ್ರಷ್, ರಬ್ಬರ್ ಸಾಮಾನ್ಯವಾಗಿ ಸೇರಿರುವುದಿಲ್ಲ, ಕಾಗದ ತೆಗೆದು ಓದಿ. ಚೆನ್ನಾಗಿ ಕಲಿತ ಒಬ್ಬರು ದಿನಾ ಹತ್ತು ನಿಮಿಷ ನೋಡಿಕೊಂಡ ಮಷೀನ್ ನನ್ನ ಹತ್ತಿರ ವರ್ಷಗಟ್ಟಲೆ ಬರುವುದೇ ಇಲ್ಲ. ನನ್ನ ವ್ಯಾಪಾರಕ್ಕೆ ನಷ್ಟ ಆದರೂ ಇದನ್ನು ಹೇಳುತ್ತೇನೆ.

ಫ್ಲಾಟ್ ಕಮಿಟಿ

ಸರಿ, ಒಪ್ಪಿದೆ. ಕಾಗದ ತೆಗೆದು ನೋಡಿದೆ, ನೀವು ಹೇಳಿದ ಹಾಗೇ ಇದೆ. ಇನ್ನೊಂದು ಕೇಳಬೇಕಿತ್ತು. ನಮ್ಮಲ್ಲಿ ಬೋರ್ ನೀರು. ಟಾಯ್ಲೆಟ್‌ನಲ್ಲಿ ಬಿಳಿ ಕರೆ ಕಟ್ಟುತ್ತದೆ. ಕೆಲಸದವರು ಅಂಗಡಿಯ ಕ್ಯಾನ್ ಆಸಿಡ್ ಸುರಿದು, ಆಮೇಲೆ ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಹಾಕುತ್ತಾರೆ. ಇದು ಸರಿಯಾ?

ದಾವಣಗೆರೆ ದಾದಿ

ಇಲ್ಲ! ದಯವಿಟ್ಟು ಇವತ್ತೇ ನಿಲ್ಲಿಸಿ. ನಾನು ಆಸ್ಪತ್ರೆಯಲ್ಲಿ ನರ್ಸ್, ಸೋಂಕು ತಡೆಯುವ ತಂಡದಲ್ಲಿದ್ದೇನೆ.

ಬ್ಲೀಚ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. ಟಾಯ್ಲೆಟ್ ಸಣ್ಣ ಕೋಣೆ, ಬಾಗಿಲು ಅರ್ಧ ಮುಚ್ಚಿರುತ್ತದೆ, ಕೆಲಸದವರು ಬಗ್ಗಿ ಉಜ್ಜುತ್ತಿರುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ, ಅವರ ಮುಖ ಇರುವ ಕಡೆಗೇ. ಹೀಗೆ ಕೆಮ್ಮುತ್ತಾ ಬಂದ ಒಬ್ಬ ಹೆಂಗಸನ್ನು ನಾನು ನೋಡಿಕೊಂಡಿದ್ದೇನೆ. ಕಣ್ಣು ಬಿಡಲು ಆಗುತ್ತಿರಲಿಲ್ಲ. "ಎರಡೂ ಹಾಕಿದರೆ ಜಾಸ್ತಿ ಕ್ಲೀನ್ ಆಗುತ್ತೆ ಅಂದುಕೊಂಡೆ" ಅಂದರು. ಅವರಿಗೆ ಯಾರೂ ಹೇಳಿರಲಿಲ್ಲ.

ಎರಡೂ ಸೇರಿ ಗ್ಯಾಸ್ ಎದ್ದರೆ ಮೊದಲು ಹೊರಗೆ ಬನ್ನಿ. ಇನ್ನಷ್ಟು ನೀರು ಸುರಿಯಲು ಒಳಗೆ ನಿಲ್ಲಬೇಡಿ. ಬಾಗಿಲು, ಕಿಟಕಿ ತೆರೆದುಬಿಡಿ. ಉಸಿರು ಕಟ್ಟುತ್ತಿದ್ದರೆ ಆಸ್ಪತ್ರೆಗೆ ಹೋಗಿ, ಸಂಜೆವರೆಗೆ ಕಾಯಬೇಡಿ. ಕಣ್ಣಿಗೆ ಏನೇ ಸಿಡಿದರೂ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಬ್ಲೀಚ್ ಜೊತೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಸೇರಿಸಬಾರದು.

ಕರೆಗೆ ಆಸಿಡ್ ಜಾತಿಯ ಕ್ಲೀನರ್ ಬೇಕಾಗುತ್ತದೆ, ಅದು ನಿಜ. ಅದೊಂದನ್ನೇ ಹಾಕಿ, ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಚೆನ್ನಾಗಿ ನೀರು ಹಾಕಿ ತೊಳೆದುಬಿಡಿ. ಬ್ಲೀಚಿಂಗ್ ಬೇಕೆಂದರೆ ಬೇರೆ ದಿನ. ಮಾರ್ಬಲ್ ಇರುವ ಕಡೆ ಆಸಿಡ್ ಬೇಡವೇ ಬೇಡ, ಬುರುಬುರು ಅಂತ ಕಲ್ಲನ್ನೇ ತಿನ್ನುತ್ತದೆ.

ನೀರು ಕುಡಿಯುವ ಬಾಟಲಿಗೆ ಆಸಿಡ್, ಫಿನೈಲ್ ತುಂಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ಬಾಯಾರಿದವರು ಅದನ್ನೇ ಎತ್ತಿ ಕುಡಿದು ಬಂದ ದಿನಗಳನ್ನು ನಾವು ಮರೆಯಲು ಆಗುವುದಿಲ್ಲ. ದೊಡ್ಡ ಕ್ಯಾನ್‌ನಿಂದ ಸಣ್ಣ ಬಾಟಲಿಗೆ ಬಗ್ಗಿಸಿದರೆ ಆ ಕ್ಷಣವೇ ಹೆಸರು ಬರೆದು ಅಂಟಿಸಿ. ಓದಲು ಬಾರದವರಿಗೆ ಬಣ್ಣದ ಗುರುತು. ನಮ್ಮಲ್ಲಿ ಬಟ್ಟೆಗೂ ಬಣ್ಣ ಇದೆ, ಟಾಯ್ಲೆಟ್‌ಗೆ ಕೆಂಪು, ಅಡುಗೆಮನೆಗೆ ಹಸಿರು, ಉಳಿದ ಕಡೆಗೆ ನೀಲಿ. ಓದು ಬಾರದ ಒಬ್ಬ ಅಜ್ಜಿ ಈ ಬಣ್ಣ ನೋಡಿಕೊಂಡೇ ಎಲ್ಲರಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರೆ.

ಬ್ಲೀಚ್ ದ್ರಾವಣ ದಿನಾ ಹೊಸದಾಗಿ ಕಲಸಿ, ನಿನ್ನೆಯದಕ್ಕೆ ಶಕ್ತಿ ಇರುವುದಿಲ್ಲ. ಶೇಕಡಾ 5ರ ಬಾಟಲಿಯಿಂದ ಶೇಕಡಾ 1 ಮಾಡಬೇಕಾದರೆ ಒಂದು ಲೋಟ ಬ್ಲೀಚ್‌ಗೆ ನಾಲ್ಕು ಲೋಟ ನೀರು. ತಣ್ಣೀರು. ರಕ್ತ ಚೆಲ್ಲಿದ ಜಾಗಕ್ಕೆ ಇಷ್ಟು ಗಟ್ಟಿ ಬೇಕು, ದಿನದ ನೆಲಕ್ಕೆ ಬೇಡ.

ಫ್ಲಾಟ್ ಕಮಿಟಿ

ಧನ್ಯವಾದ ಸಿಸ್ಟರ್. ಈಗಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳಿದೆ. ಇಲ್ಲಿ ಕೇಳಿದ್ದು ಒಳ್ಳೆಯದಾಯಿತು, ಇನ್ನೊಂದನ್ನೂ ಕೇಳಿಬಿಡುತ್ತೇನೆ. ಒತ್ತಡದಲ್ಲಿ ನೀರು ಚಿಮ್ಮಿಸುವ ಹೊಸ ಜೆಟ್ ಮಷೀನ್ ತಂದಿದ್ದೇವೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕ್ ಒಳಗೆ ಹೌಸ್‌ಕೀಪಿಂಗ್ ಹುಡುಗರು ಇಳಿದು ಇದರಲ್ಲೇ ತೊಳೆಯಲಿ ಅಂತ ಮೀಟಿಂಗ್‌ನಲ್ಲಿ ಮಾತು ಬಂದಿದೆ.

ಕಡಲಾಚೆಯ ಕುಂದಾಪುರ

ಅಣ್ಣಾ, ಇಳಿಸಬೇಡಿ. ಒಬ್ಬರನ್ನೂ ಇಳಿಸಬೇಡಿ.

ಕೊಚ್ಚೆ ಟ್ಯಾಂಕ್ ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಅದು ಜಾಸ್ತಿ ಆದಾಗ ಮೂಗು ಸತ್ತುಹೋಗಿ ವಾಸನೆಯೇ ಗೊತ್ತಾಗುವುದಿಲ್ಲ. "ಈಗ ವಾಸನೆ ಹೋಯಿತು" ಅಂದುಕೊಂಡು ಇಳಿದವರು ಏಳುವುದಿಲ್ಲ. ಅವರನ್ನು ಎತ್ತಲು ಇಳಿದ ಎರಡನೆಯವರೂ ಏಳುವುದಿಲ್ಲ.

ವೈರಿಂಗ್ ಮನೆ

ಕಾನೂನೂ ಬಿಡುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲೇ ಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳನ್ನು ಜನರಿಂದ ಅಪಾಯಕರವಾಗಿ ಸ್ವಚ್ಛ ಮಾಡಿಸುವುದನ್ನೂ ನಿಷೇಧಿಸಿದ್ದಾರೆ. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದುಡ್ಡಿನ ಮಾತು ಬಿಡಿ, ಆ ಹುಡುಗರಿಗೂ ಮನೆ ಇದೆ. ಹೀರುವ ಯಂತ್ರದ ಗಾಡಿ ಕರೆಸಿ.

ಜೆಟ್ ಅಂದಿರಲ್ಲ, ಅದರ ನೀರು ಮೀಟರ್ ಬೋರ್ಡ್, ಲಿಫ್ಟ್ ಪ್ಯಾನೆಲ್, ಪಂಪಿನ ಸ್ಟಾರ್ಟರ್ ಕಡೆ ಹೋಗದಂತೆ ನೋಡಿಕೊಳ್ಳಿ.

ದಾವಣಗೆರೆ ದಾದಿ

ಜೆಟ್ ಬಗ್ಗೆ ನಾನೂ ಒಂದು ಸೇರಿಸುತ್ತೇನೆ. ಅದರ ಒತ್ತಡ 100 ಬಾರ್ ದಾಟುತ್ತದೆ. ಕಾಲಿನ ಕೆಸರು ತೊಳೆಯಲು ಅದನ್ನು ಹಿಡಿಯುವವರಿದ್ದಾರೆ. ನೀರು ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಹೋಗುವಷ್ಟು ಹಾನಿ. ಸಣ್ಣದು ಅಂತ ಮನೆಯಲ್ಲಿ ಕೂರಬೇಡಿ.

ನೆಲದಕ್ಕ, ನಿಮ್ಮ ಹುಡುಗಿಗೆ ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ) ಇದೆಯಾ? ಕೆಲಸದಲ್ಲಿ ಆದ ಪೆಟ್ಟಿಗೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅಂತ ಇಲ್ಲ. ಮೂರು ವಾರ ಆಗಿದ್ದರೂ ಸಿಗುತ್ತದೆ. ಕನಿಷ್ಠ ಮೂರು ದಿನ ಕೆಲಸ ಮಾಡಲು ಆಗದಿದ್ದರೆ ಸಂಬಳದ ಶೇಕಡಾ 90ರಷ್ಟು ಬರುತ್ತದೆ. ಅವಳನ್ನು ಕೆಲಸಕ್ಕೆ ಇಟ್ಟುಕೊಂಡವರು ಅಪಘಾತದ ವರದಿ ಕೊಡಬೇಕು. ಕೊಟ್ಟಿದ್ದಾರಾ ಕೇಳಿ.

ನೆಲದಕ್ಕ (ಎರಡು ವಾರದ ನಂತರ)

ಎಲ್ಲರಿಗೂ ಒಂದೊಂದಾಗಿ ಹೇಳುತ್ತೇನೆ.

ಕೇಬಲ್, ಪ್ಲಗ್ ಹೊಸದಾಯಿತು. ಕಾರಿಡಾರ್‌ನ ನಾಲ್ಕು ಕಡೆ 16 ಆಂಪಿಯರ್ ಸಾಕೆಟ್ ಹಾಕಿದರು. ಆರ್‌ಸಿಸಿಬಿ ಟೆಸ್ಟ್ ಗುಂಡಿ ಒತ್ತಿದೆವು, ಒಂದು ಬ್ಲಾಕ್‌ನಲ್ಲಿ ಬೀಳಲೇ ಇಲ್ಲ. ಅದನ್ನೂ ಬದಲಿಸಿದರು. ಅಪಘಾತದ ವರದಿ ಕೊಟ್ಟಿರಲಿಲ್ಲ. ನಾನೇ ಕೂತು ಬರೆಸಿದೆ. ಇಎಸ್‌ಐನಲ್ಲಿ ಅವಳ ಅರ್ಜಿ ಹೋಗಿದೆ.

ಸಮಯದ ಬಗ್ಗೆ ಪ್ರಾಂಶುಪಾಲರ ಹತ್ತಿರ ಮಾತಾಡಿದೆ. ಆ ಸುಟ್ಟ ಪ್ಲಗ್ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಜಾಸ್ತಿ ಹೇಳಬೇಕಾಗಲಿಲ್ಲ. ಈಗ ಪಾಳಿ ಮುಗಿಯುವ ಮೊದಲೇ, 1:40ಕ್ಕೆ ನೆಲದ ಕೆಲಸ ನಿಲ್ಲುತ್ತದೆ. ಬ್ರಷ್ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕುತ್ತೇವೆ, ಕೂದಲು ಬಿಡಿಸುತ್ತೇವೆ, ಕೇಬಲ್ ಒರೆಸುತ್ತಾ ಕೈಯಲ್ಲಿ ಸವರಿ ನೋಡುತ್ತೇವೆ. ಮೊದಲು ಪ್ಲಗ್ ತೆಗೆದು, ಆಮೇಲೆ. ಏನಾದರೂ ಅನುಮಾನ ಬಂದರೆ ಯಾರು ಬೇಕಾದರೂ ಕೆಂಪು ಬಟ್ಟೆ ಕಟ್ಟಬಹುದು, ನನ್ನನ್ನು ಕೇಳಬೇಕಾಗಿಲ್ಲ. ಬಟ್ಟೆ ಬಿಚ್ಚುವ ಅಧಿಕಾರ ಮಾತ್ರ ಎಲೆಕ್ಟ್ರಿಷಿಯನ್‌ಗೆ. ಎರಡು ವಾರದಲ್ಲಿ ಎರಡು ಸಲ ಕಟ್ಟಿದರು. ಒಂದು ಸಲ ಏನೂ ಇರಲಿಲ್ಲ. ಒಂದು ಸಲ ವ್ಯಾಕ್ಯೂಮ್‌ನ ಸ್ವಿಚ್ ಒಳಗೆ ನೀರಿತ್ತು.

ಬಕೆಟ್ಟು ಮಾಪು ಅವರಿಗೆ, ನಮ್ಮಲ್ಲೂ ಶೂ ಒಂದೇ ಅಳತೆ ಇತ್ತು. ಎಲ್ಲರ ಪಾದವನ್ನೂ ಹಾಳೆ ಮೇಲೆ ಇಟ್ಟು ಗೆರೆ ಎಳೆದು ಕಳಿಸಿದ್ದೇನೆ.

ಹುಡುಗಿ ಸೋಮವಾರ ವಾಪಸ್ ಬಂದಳು. ಎರಡು ದಿನ ಮಷೀನ್ ಹತ್ತಿರ ಬರಲಿಲ್ಲ. ನಿನ್ನೆ ಖಾಲಿ ಸಭಾಂಗಣದಲ್ಲಿ ನೀರು ಹಾಕಿ, ಅವಳ ಪಕ್ಕ ನಿಂತು, ಬರೀ "ಬಿಡು" ಆಟ ಆಡಿದೆವು. ಒತ್ತು, ಬಿಡು. ಒತ್ತು, ಬಿಡು. ಸುಮಾರು ಇಪ್ಪತ್ತನೇ ಸಲಕ್ಕೆ ನಾನು ಹೇಳುವ ಮೊದಲೇ ಅವಳ ಕೈ ಬಿಟ್ಟಿತು. ಇವತ್ತು ಬೆಳಿಗ್ಗೆ ವೇದಿಕೆಯ ಮುಂದಿನ ಅರ್ಧ ನೆಲ ಅವಳೇ ಉಜ್ಜಿದಳು. ಹಿಡಿ ಒಂದಿಷ್ಟು ಎತ್ತುವುದು, ತಗ್ಗಿಸುವುದು. ಬಲಕ್ಕೆ, ಎಡಕ್ಕೆ. ಉಜ್ಜಿದ ಜಾಗಕ್ಕೂ ಉಜ್ಜದ ಜಾಗಕ್ಕೂ ನಡುವೆ ಹಳೇ ಮೊಸಾಯಿಕ್‌ನ ಹಸಿರು ಚೂರುಗಳು ಎದ್ದು ಕಾಣುತ್ತಿದ್ದವು. ಅಲ್ಲಿ ಹಸಿರು ಇದೆ ಅಂತ ನನಗೇ ಗೊತ್ತಿರಲಿಲ್ಲ.

ಮೆಕ್ಯಾನಿಕ್ ಅಣ್ಣನಿಗೆ ಒಂದು ಪ್ರಶ್ನೆ ಉಳಿದಿದೆ. ನಮ್ಮ ಇನ್ನೊಂದು ಬ್ಲಾಕ್‌ನಲ್ಲಿ ಆಟೋ ಸ್ಕ್ರಬರ್ ಇದೆ. ಅದು ಹೋದ ದಾರಿಯಲ್ಲಿ ಎಡಗಡೆ ಒಂದು ನೀರಿನ ಗೆರೆ ಉಳಿಯುತ್ತದೆ. ಹುಡುಗರು ಅದರ ಮೇಲೆ ಜಾರುತ್ತಾರೆ ಅಂತ ಹೆದರಿಕೆ.

ಪೀಣ್ಯದ ಮೆಕ್ಯಾನಿಕ್

ಮಷೀನ್ ಹಿಂದೆ ನೀರು ಬಳಿದುಕೊಂಡು ಬರುವ ಪಟ್ಟಿ, ಅಂದರೆ ಸ್ಕ್ವೀಜಿ, ಇದೆಯಲ್ಲ, ಅದರ ರಬ್ಬರ್ ಒಮ್ಮೆ ಬೆರಳಲ್ಲಿ ಸವರಿ ನೋಡಿ. ಎಡತುದಿಯಿಂದ ಒಂದು ಗೇಣಿನೊಳಗೆ ಸಣ್ಣ ಕಲ್ಲೋ ಪಿನ್ನೋ ಸಿಕ್ಕಿರುತ್ತದೆ, ಇಲ್ಲವೇ ರಬ್ಬರ್ ಹರಿದಿರುತ್ತದೆ. ಕಲ್ಲಾದರೆ ತೆಗೆದರೆ ಸಾಕು. ಹರಿದಿದ್ದರೆ ಹೊಸದು ಕೊಳ್ಳಬೇಡಿ. ಹೆಚ್ಚಿನ ಮಷೀನ್‌ಗಳಲ್ಲಿ ಆ ರಬ್ಬರ್ ಪಟ್ಟಿಗೆ ನಾಲ್ಕು ಅಂಚು ಇರುತ್ತವೆ. ಬಿಚ್ಚಿ ತಿರುಗಿಸಿ ಹಾಕಿ, ಇನ್ನೂ ಮೂರು ಅಂಚು ಬಾಕಿ ಇರುತ್ತವೆ. ಅಲ್ಲಿಯವರೆಗೆ ಮಷೀನ್ ಹಿಂದೆ ಒಬ್ಬರು ಒಣ ಮಾಪ್ ಹಿಡಿದು ಬರಲಿ, ಹಳದಿ ಬೋರ್ಡ್ ಎರಡೂ ತುದಿಗೆ ಇಡಿ.